ಬಿನ್ನಹ ಮತ್ತು ಶಿಫಾರಸು: ಹರಿಹರ ಸೀಮೆಯಲ್ಲಿ ಊರ ಕೆಲಸಕ್ಕೆ ಹಣ ಬಂದ ದಾರಿ

ಊರಿನ ಕೆಲಸಕ್ಕೆ ಊರಿನ ದುಡ್ಡು ಸಾಲದೆ ಹೋದಾಗ ಮೇಲಿನ ಪ್ರಭುತ್ವದ ಬಳಿ ಹಣ ಕೇಳುವ ರೂಢಿ ಹರಿಹರ ಸೀಮೆಯಲ್ಲಿ ಬಹು ಹಳೆಯದು. ಸೂಳೆಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ವಿಷಯವನ್ನು 1410ರ ಶಾಸನವೊಂದು ಹೇಳುತ್ತದೆ. ಹರಿಹರದ ಬ್ರಾಹ್ಮಣರು ಆ ಕಟ್ಟೆಯನ್ನು ಕಟ್ಟಿಸಿ, ದೇವರ ಭೂಮಿಯ ಮೂಲಕ ಕಾಲುವೆ ತೋಡಿಸಿದರೆಂದೂ, ಅದರ ನೀರುಂಡ ನೆಲದಲ್ಲಿ ಎರಡು ಪಾಲು ಹರಿಹರ ದೇವರಿಗೆ, ಒಂದು ಪಾಲು ಕಟ್ಟಿಸಿದವರಿಗೆ ಎಂದು ಒಪ್ಪಂದವಾಯಿತೆಂದೂ ಅದರಿಂದ ತಿಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಕಟ್ಟೆ ಒಡೆಯಿತು. ಆಗ ವಿಜಯನಗರದ ಅಧಿಕಾರಿಯಾಗಿದ್ದ ಚಾಮನೃಪಾಲನ ಮೊರೆಹೊಕ್ಕು, ಅವನು ಕೊಟ್ಟ ಹಣದಿಂದ ಅದನ್ನು ಮತ್ತೆ ನಿಲ್ಲಿಸಿದ ಸಂಗತಿ 1424ರ ಶಾಸನದಲ್ಲಿದೆ. ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದು ಎಲ್ಲ ಕಾಲದ ವಾಡಿಕೆಯೇ ಆಗಿದ್ದರೂ, ಹರಿಹರದ ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ಕೆಲಸ ಯಾವುದು, ಅದು ಕೆಟ್ಟದ್ದು ಹೇಗೆ, ಕೇಳಿದವರು ಯಾರು, ಫಲ ಯಾರಿಗೆ ಎಂಬುದೆಲ್ಲ ತಿಳಿದುಬರುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಮುಂದಿನ ಕಾಲದ ದಾಖಲೆಗಳಲ್ಲಿ ಇವೆಲ್ಲವೂ ಒಂದೆಡೆ ಸಿಗುವುದು ಅಪರೂಪ.

ಮೈಸೂರು ಸಂಸ್ಥಾನದ ಕಾಲದಲ್ಲಿ ಹರಿಹರವು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತು. ರಸ್ತೆ, ಬಾವಿ, ಛತ್ರಗಳಂಥ ಸಣ್ಣ ಕೆಲಸಗಳು ಆಗ ನಡೆಯುತ್ತಿದ್ದುದು ಮುಖ್ಯವಾಗಿ ಲೋಕಲ್ ಫಂಡ್ ಎಂದು ಜನ ಕರೆಯುತ್ತಿದ್ದ ನಿಧಿಯಿಂದ, ಅಂದರೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ರೈತನಿಂದಲೇ ವಸೂಲಾಗುತ್ತಿದ್ದ ಹೆಚ್ಚುವರಿ ತೆರಿಗೆಯಿಂದ. ಅದಕ್ಕೆ ಮೀರಿದ ಬೇಡಿಕೆಗಳಿಗೆ ದಾರಿಯಾದದ್ದು 1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ. ಆ ವರ್ಷದ ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಸೇರಿದ ಮೊದಲ ಸಭೆಗೆ 144 ಸದಸ್ಯರು ಬಂದಿದ್ದರು. ಅವರು ತಾಲ್ಲೂಕುಗಳಿಂದ ಆರಿಸಿ ಕಳುಹಿಸಿದ ಪ್ರಮುಖ ರೈತರು ಮತ್ತು ವರ್ತಕರಾಗಿದ್ದರು. ಸಭೆಗೆ ಖರ್ಚನ್ನು ಮಂಜೂರು ಮಾಡುವ ಅಧಿಕಾರವಿರಲಿಲ್ಲ, ದಿವಾನರ ನಿರ್ಧಾರವನ್ನು ಬದಲಿಸುವ ಶಕ್ತಿಯೂ ಇರಲಿಲ್ಲ. ಆದರೂ ತಾಲ್ಲೂಕಿನ ಪ್ರತಿನಿಧಿ ಎದ್ದು ನಿಂತು ತನ್ನ ಸೀಮೆಯ ಕೆರೆ, ರಸ್ತೆ, ಶಾಲೆಗಳ ಕುಂದುಕೊರತೆಯನ್ನು ಹೇಳುವುದು, ಸರ್ಕಾರ ಅದಕ್ಕೆ ಉತ್ತರ ಕೊಡುವುದು, ಇವೆರಡೂ ಸಭೆಯ ನಡವಳಿಯಲ್ಲಿ ಅಚ್ಚಾಗುವುದು ಕ್ರಮವಾಯಿತು. ಈ ಸಭೆಯನ್ನು ಹಲ್ಲಿಲ್ಲದ ಸಭೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕೇಳಿದ್ದಕ್ಕೆ ಇಲ್ಲವೆಂದಾಗಲೂ ಆ ಇಲ್ಲವು ಕಾರಣಸಹಿತ ಅಚ್ಚಿನಲ್ಲಿ ಉಳಿಯುತ್ತಿತ್ತು, ಮರುವರ್ಷ ಅದನ್ನೇ ಹಿಡಿದು ಮತ್ತೆ ಕೇಳಬಹುದಾಗಿತ್ತು ಎಂಬುದು ಸಣ್ಣ ಸಾಧನೆಯಲ್ಲ.

ಸ್ವಾತಂತ್ರ್ಯಾನಂತರ ಲೋಕಸಭೆ ಬಂದಾಗ ದಾವಣಗೆರೆ, ಹರಿಹರಗಳು ಚಿತ್ರದುರ್ಗ ಕ್ಷೇತ್ರದಲ್ಲಿದ್ದವು. 1952ರಲ್ಲಿ ಅಲ್ಲಿಂದ ಆಯ್ಕೆಯಾದವರು ಎಸ್. ನಿಜಲಿಂಗಪ್ಪನವರು. ದಾವಣಗೆರೆ ಪ್ರತ್ಯೇಕ ಲೋಕಸಭಾ ಕ್ಷೇತ್ರವಾದದ್ದು 1977ರಲ್ಲಿ, ಅದರ ಮೊದಲ ಸದಸ್ಯರು ಕೊಂಡಜ್ಜಿ ಬಸಪ್ಪನವರು. ಈ ದಶಕಗಳಲ್ಲಿ ಸಂಸದರ ಕೈಯಲ್ಲಿ ಊರ ಕೆಲಸಕ್ಕೆಂದು ಮೀಸಲಾದ ಹಣವಿರಲಿಲ್ಲ. ಸಚಿವರಿಗೆ ಪತ್ರ ಬರೆಯುವುದು, ಸದನದಲ್ಲಿ ಪ್ರಶ್ನೆ ಕೇಳುವುದು, ಇಲಾಖೆಗಳ ಬಾಗಿಲು ತಟ್ಟುವುದು, ಇಷ್ಟೇ ಅವರ ಸಾಧನಗಳಾಗಿದ್ದವು.

ಈ ಸ್ಥಿತಿ ಬದಲಾದದ್ದು 1993ರ ಡಿಸೆಂಬರ್ 23ರಂದು ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರು ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯನ್ನು ಪ್ರಕಟಿಸಿದಾಗ. ಜನರ ಬಾಯಲ್ಲಿ ಇದು ಸಂಸದರ ಅನುದಾನ ಅಥವಾ ಎಂಪಿ ಫಂಡ್. ಮೊದಲ ವರ್ಷ ಪ್ರತಿ ಸದಸ್ಯರಿಗೆ 5 ಲಕ್ಷ ರೂಪಾಯಿ ಇದ್ದದ್ದು 1994-95ರಲ್ಲಿ 1 ಕೋಟಿಗೆ, 1998-99ರಲ್ಲಿ 2 ಕೋಟಿಗೆ, 2011-12ರಲ್ಲಿ 5 ಕೋಟಿಗೆ ಏರಿತು. ಯೋಜನೆ ಶುರುವಾದಾಗ ದಾವಣಗೆರೆಯ ಸಂಸದರಾಗಿದ್ದವರು ಚೆನ್ನಯ್ಯ ಒಡೆಯರ್. ಆಗ ಹರಿಹರ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದುದರಿಂದ ತಾಲ್ಲೂಕಿನ ಕಡತ ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕಾಗಿತ್ತು, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದ ಮೇಲೆ ಆ ದೂರ ತಗ್ಗಿತು.

ಸಂಸದರ ಅನುದಾನವೆಂದು ಕರೆದರೂ ಹಣ ಸಂಸದರ ಕೈಗೆ ಬರುವುದಿಲ್ಲ ಎಂಬುದು ಈ ಯೋಜನೆಯ ತಿರುಳು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರಿಗೆ ಒಂದು ಶಾಲಾ ಕೊಠಡಿಯೋ ಬಸ್ ತಂಗುದಾಣವೋ ಬೇಕೆಂದಾದರೆ, ಊರಿನವರು ಸಂಸದರಿಗೆ ಮನವಿ ಕೊಡುತ್ತಾರೆ. ಸಂಸದರು ಒಪ್ಪಿದರೆ ಜಿಲ್ಲಾಧಿಕಾರಿಗೆ ಶಿಫಾರಸು ಪತ್ರ ಬರೆಯುತ್ತಾರೆ. ಜಿಲ್ಲಾಧಿಕಾರಿ ಕಾಮಗಾರಿ ನಿಯಮಕ್ಕೆ ಒಳಪಟ್ಟಿದೆಯೇ, ಜಾಗ ಸರ್ಕಾರದ್ದೇ ಎಂದು ನೋಡಿ, ಎಂಜಿನಿಯರಿಂದ ಅಂದಾಜುಪಟ್ಟಿ ತರಿಸಿ, ಆಡಳಿತಾತ್ಮಕ ಮಂಜೂರಾತಿ ಕೊಟ್ಟು, ನಿರ್ಮಿತಿ ಕೇಂದ್ರಕ್ಕೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೋ ಕೆಲಸ ವಹಿಸುತ್ತಾರೆ. ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮಾತ್ರ ಈ ಹಣ. ಪೂಜಾಸ್ಥಳದ ಆವರಣಕ್ಕೆ, ಖಾಸಗಿ ಜಾಗಕ್ಕೆ ಸಲ್ಲದು. ವರ್ಷದ ಹಣದಲ್ಲಿ ಶೇ. 15ರಷ್ಟನ್ನು ಪರಿಶಿಷ್ಟ ಜಾತಿಯವರು, ಶೇ. 7.5ರಷ್ಟನ್ನು ಪರಿಶಿಷ್ಟ ಪಂಗಡದವರು ವಾಸಿಸುವ ಕಡೆ ಬಳಸಬೇಕೆಂಬ ನಿಯಮವೂ ಬಂತು. ಕೆಲಸ ಮುಗಿದ ಮೇಲೆ ಗೋಡೆಗೆ ಒಂದು ಕಲ್ಲು ಕೂರುತ್ತದೆ, ಅದರ ಮೇಲೆ ಯೋಜನೆಯ ಹೆಸರು, ಸಂಸದರ ಹೆಸರು, ಮೊತ್ತ, ವರ್ಷ ಇರುತ್ತವೆ. ಊರು ಏನನ್ನು ಮೊದಲು ಕೇಳಿತ್ತು, ಎಷ್ಟು ಸಲ ಕೇಳಿತ್ತು, ಕೇಳಿಯೂ ಸಿಗದ ಪಕ್ಕದ ಊರು ಯಾವುದು ಎಂಬುದು ಆ ಕಲ್ಲಿನಲ್ಲೂ ಇಲ್ಲ, ಕಡತದಲ್ಲೂ ಬಹುಮಟ್ಟಿಗೆ ಇಲ್ಲ. 1424ರ ಕಲ್ಲಿಗೂ ಇಂದಿನ ಕಲ್ಲಿಗೂ ಇರುವ ಈ ಅಂತರ ಅಕ್ಷರಶೈಲಿಯದಲ್ಲ.

ಯೋಜನೆ ಹುಟ್ಟಿದ ವರ್ಷವನ್ನೂ ಮರೆಯಲಾಗದು. ಗ್ರಾಮ ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಊರಿಗೆ ಏನು ಬೇಕೆಂಬುದನ್ನು ಗ್ರಾಮಸಭೆ ಹೇಳಲಿ ಎಂದು ರಾಜ್ಯಾಂಗವೇ ದಾರಿ ತೆರೆದ ಎಂಟು ತಿಂಗಳಿಗೆ ಅದೇ ಬಗೆಯ ಕೆಲಸವನ್ನು ಆರಿಸುವ ಹಕ್ಕು ದೆಹಲಿಯ ಸದಸ್ಯರಿಗೂ ದೊರೆಯಿತು. ಈ ವಿರೋಧಾಭಾಸವನ್ನು ಗುರುತಿಸಿದ ಎರಡು ಆಯೋಗಗಳ ಅಧ್ಯಕ್ಷರೂ ಕನ್ನಡಿಗರು. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿಯೂ, ಎಂ. ವೀರಪ್ಪ ಮೊಯಿಲಿ ಅವರ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿಯೂ ಯೋಜನೆಯನ್ನು ಕೈಬಿಡುವಂತೆ ಸಲಹೆ ಮಾಡಿದವು. ಆದರೆ 2010ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಸದರದು ಶಿಫಾರಸು ಮಾತ್ರ, ಜಾರಿ ಸ್ಥಳೀಯ ಆಡಳಿತದ್ದು ಎಂಬ ನೆಲೆಯಲ್ಲಿ ಅದನ್ನು ಸಿಂಧುವೆಂದು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಈ ತೀರ್ಪು ಗಟ್ಟಿಯಾದುದೇ. ಆದರೆ ಶಿಫಾರಸು ಇಲ್ಲದೆ ಕಡತವೇ ಹುಟ್ಟದ ಕಡೆ ಶಿಫಾರಸು ಬರಿಯ ಸಲಹೆಯಾಗಿ ಉಳಿಯುವುದಿಲ್ಲ ಎಂಬುದು ತಾಲ್ಲೂಕಿನ ಮಟ್ಟದಲ್ಲಿ ನೋಡಿದವರಿಗೆ ಕಾಣುತ್ತದೆ.

ಅಮೆರಿಕದಲ್ಲಿಯೂ ಸಂಸತ್ತಿನ ಸದಸ್ಯರು ತಮ್ಮ ಕ್ಷೇತ್ರದ ಕೆಲಸಗಳಿಗೆ ಕೇಂದ್ರದ ಬಜೆಟ್ಟಿನಲ್ಲಿ ಹಣ ಗುರುತಿಸಿಡುವ ಪದ್ಧತಿಯಿದ್ದು, ಅದರ ಹೆಸರು ಇಯರ್‌ಮಾರ್ಕ್. ದುರುಪಯೋಗದ ಆರೋಪಗಳಿಂದ 2011ರಲ್ಲಿ ನಿಂತ ಅದು 2021ರಲ್ಲಿ ಹೊಸ ಕಟ್ಟುಪಾಡುಗಳೊಂದಿಗೆ ಮರಳಿತು. ಕೆಳಮನೆಯ ಸದಸ್ಯರು ತಾವು ಕೇಳಿದ ಪ್ರತಿಯೊಂದು ಕೆಲಸವನ್ನೂ ಬಹಿರಂಗವಾಗಿ ಪ್ರಕಟಿಸಬೇಕು, ಅದರಲ್ಲಿ ತಮಗಾಗಲಿ ತಮ್ಮ ಕುಟುಂಬಕ್ಕಾಗಲಿ ಹಣಕಾಸಿನ ಹಿತಾಸಕ್ತಿಯಿಲ್ಲವೆಂದು ಬರೆದುಕೊಡಬೇಕು. ಕೊಟ್ಟದ್ದರ ಜೊತೆಗೆ ಕೇಳಿದ್ದೂ ಬಯಲಾಗಬೇಕೆಂಬ ಈ ನಿಯಮ, ಮೈಸೂರಿನ ಹಳೆಯ ಸಭೆಯ ಅಚ್ಚಾದ ನಡವಳಿಗೆ ಹತ್ತಿರವಾದುದು.

ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ಕೇಂದ್ರ ಸಂಪುಟ ಯೋಜನೆಯನ್ನು ತಡೆಹಿಡಿದು, 2021ರ ನವೆಂಬರಿನಲ್ಲಿ ಮರಳಿ ಜಾರಿಗೆ ತಂದಿತು. 2023ರ ಏಪ್ರಿಲ್ 1ರಿಂದ ಹೊಸ ಮಾರ್ಗಸೂಚಿ ಬಂದ ಮೇಲೆ ಸಂಸದರ ಶಿಫಾರಸು, ಜಿಲ್ಲಾಧಿಕಾರಿಯ ಮಂಜೂರಾತಿ, ಗುತ್ತಿಗೆದಾರನಿಗೆ ಪಾವತಿ ಎಲ್ಲವೂ ಗಣಕದಲ್ಲೇ ಸಾಗುವ ವ್ಯವಸ್ಥೆಯಾಗಿದೆ. ಆ ದಾಖಲೆ ಆರಂಭವಾಗುವುದು ಸಂಸದರ ಶಿಫಾರಸಿನಿಂದ. ಅದಕ್ಕೆ ಗ್ರಾಮಸಭೆಯ ನಿರ್ಣಯ ಕಡ್ಡಾಯವಲ್ಲವಾದ್ದರಿಂದ, ಕಡರನಾಯಕನಹಳ್ಳಿಯವರು ಸಹಿ ಹಾಕಿ ಕೊಟ್ಟ ಮನವಿ ಪತ್ರಕ್ಕೆ ಸ್ವೀಕೃತಿಯ ಮೊಹರು ಬಿದ್ದರೆ, ಆ ಒಂದು ನಕಲು ಮಾತ್ರ ಊರಿನ ಬಳಿ ಉಳಿಯುತ್ತದೆ.