ಚೋದೆ ನದಿಯ ದಂಡೆಯ ಮನೆಗಳು

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿರುವ ಯೋಗ್ಯಕರ್ತ ನಗರದ ನಡುವೆ ಚೋದೆ ಎಂಬ ನದಿ ಹರಿಯುತ್ತದೆ. ಗೊಂಡೊಲಾಯು ಸೇತುವೆಯ ಕೆಳಗೆ ಅದರ ಕಡಿದಾದ ದಂಡೆ ಒಂದು ಕಾಲಕ್ಕೆ ಊರಿನ ಕಸ ಸುರಿಯುವ ಜಾಗವಾಗಿತ್ತು. ಬೇರೆಲ್ಲೂ ನೆಲೆ ಸಿಗದವರು ಅಲ್ಲಿಯೇ ರಟ್ಟು, ಪ್ಲಾಸ್ಟಿಕ್ ಹಾಳೆಗಳ ಮರೆಯಲ್ಲಿ ಬಾಳುತ್ತಿದ್ದರು. 1983ರಲ್ಲಿ ಸರ್ಕಾರ ಆ ಗುಡಿಸಲುಗಳನ್ನು ನೆಲಸಮ ಮಾಡಲು ಹೊರಟಿತು. ನಮ್ಮ ನಗರಗಳ ಕೊಳೆಗೇರಿಗಳ ಕಥೆ ಬಲ್ಲವರು ಮುಂದಿನದನ್ನು ಊಹಿಸಿಯಾರು; ಆದರೆ ಇಲ್ಲಿ ಹಾಗಾಗಲಿಲ್ಲ.

ಅಡ್ಡ ನಿಂತವರಲ್ಲಿ ಮುಖ್ಯರು ಇಬ್ಬರು: ಆ ಕೇರಿಯ ಮುಖ್ಯಸ್ಥ ವಿಲ್ಲಿ ಪ್ರಸೇತ್ಯ, ಮತ್ತು ಸೆಮರಾಂಗ್ ಮಹಾಧರ್ಮಕ್ಷೇತ್ರದ ಗುರುಗಳಾದ ಯೂಸುಫ್ ಬಿಲ್ಯಾರ್ತ ಮಂಗುನ್‌ವಿಜಯ. 1929ರಲ್ಲಿ ಜನಿಸಿದ ಈ ಸ್ವಾಮಿಗಳು ಹದಿಹರೆಯದಲ್ಲಿ ಸ್ವಾತಂತ್ರ್ಯ ಸಮರದ ವಿದ್ಯಾರ್ಥಿ ಪಡೆಯಲ್ಲಿದ್ದವರು. 1959ರಲ್ಲಿ ಯಾಜಕದೀಕ್ಷೆ ಪಡೆದು, ಬಳಿಕ ಜರ್ಮನಿಯ ಆಖೆನ್‌ನಲ್ಲಿ ವಾಸ್ತುಶಿಲ್ಪ ಕಲಿತರು. ಹೆಸರಾಂತ ಕಾದಂಬರಿಕಾರರೂ ಹೌದು. ಜನರಿಗೆ ಮಾತ್ರ ಅವರು ‘ರೋಮೊ ಮಂಗುನ್’. ಜಾವಾದ ಕಥೋಲಿಕರು ಗುರುಗಳನ್ನು ‘ರೋಮೊ’ ಎಂದರೆ ತಂದೆ ಎಂದೇ ಕರೆಯುತ್ತಾರೆ. ಅವರು ಆ ಕೇರಿಗೆ ಬಂದು ಹೋಗುತ್ತಿದ್ದವರಲ್ಲ, ಅಲ್ಲಿಯೇ ವಾಸವಾಗಿದ್ದರು. ಮನೆಗಳನ್ನು ಕೆಡವಿದರೆ ಆಮರಣ ಉಪವಾಸ ಕೂರುವೆನೆಂದು ಸಾರಿದರು. ಪತ್ರಿಕೆಗಳೂ ಬಡವರ ಪರ ನಿಂತವು. ಕೊನೆಗೆ ಸರ್ಕಾರ ಹಿಂದೆ ಸರಿಯಿತು.

ಕಟ್ಟಿದ ಬಗೆಯೂ ಗಮನಾರ್ಹ. ತೆಂಗಿನ ಮರದ ಇಲ್ಲವೇ ಬಿದಿರಿನ ಚೌಕಟ್ಟು, ಹೆಣೆದ ಬಿದಿರಿನ ತಟ್ಟಿಯೇ ಗೋಡೆ: ಎಲ್ಲವೂ ಅಲ್ಲಿನ ಜನ ಬಲ್ಲ ಸಾಮಗ್ರಿ, ಅವರ ಕೈಗೆ ಒಗ್ಗಿದ ಕೆಲಸ. ಹಗುರವಾದ ಈ ಮನೆಗಳು ಇಳಿಜಾರಿಗೆ ಭಾರವಾಗಲಿಲ್ಲ. ಮೂವತ್ತು-ನಲವತ್ತು ಕುಟುಂಬಗಳಿಗೆ ಸೂರಾಯಿತು. ಎಲ್ಲರೂ ಸೇರಲು ಒಂದು ಸಭಾಗೃಹವೂ ಎದ್ದಿತು. ಸ್ವಯಂಸೇವಕರಾಗಿ ಬಂದ ಕಲಾ ವಿದ್ಯಾರ್ಥಿಗಳೊಡನೆ ನಿವಾಸಿಗಳೂ ಸೇರಿ ಹೊರಗೋಡೆಗಳಿಗೆ ಬಣ್ಣ ಬಳಿದು ಪ್ರಾಣಿ, ಗಿಡ, ರಾಕ್ಷಸರ ಚಿತ್ರ ಬರೆದರು. ಬಡವರಿಗೆ ಚೆಲುವು ಏಕೆ ಎನ್ನುವವರು ಅಲ್ಲಿಯೂ ಇದ್ದಿರಬೇಕು! ಊರಿನ ಮಾರುಕಟ್ಟೆಯನ್ನೇ ನಂಬಿ ಬದುಕುವವರಿಗೆ ಅದರ ಸಮೀಪದಲ್ಲಿಯೇ ಮನೆ ಉಳಿದದ್ದು, ನನ್ನ ದೃಷ್ಟಿಯಲ್ಲಿ, ಬಣ್ಣಕ್ಕಿಂತಲೂ ದೊಡ್ಡದು. ಆದರೆ ನದಿದಂಡೆಯ ನೆಲ ಸರ್ಕಾರದ್ದೇ. ಭೂಮಿಯ ಹಕ್ಕಿನ ಪ್ರಶ್ನೆ ಬಿದಿರು, ಬಣ್ಣಗಳಿಂದ ಬಗೆಹರಿಯುವಂಥದಲ್ಲ.

1992ರಲ್ಲಿ ಈ ಕೇರಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. ಮುಸ್ಲಿಂ ಸಮಾಜಗಳಲ್ಲಿನ ಉತ್ತಮ ನಿರ್ಮಾಣಗಳನ್ನು ಗೌರವಿಸುವ ಆ ಪ್ರಶಸ್ತಿ ಒಬ್ಬ ಕಥೋಲಿಕ ಗುರುವಿನ ಕೆಲಸಕ್ಕೆ ಬಂದುದು ನಮ್ಮ ದಿನಗಳಲ್ಲಿ ನೆನೆಯತಕ್ಕದ್ದು. ಅಷ್ಟರೊಳಗೆ ಸ್ವಾಮಿಗಳು ಚೋದೆಯನ್ನು ಬಿಟ್ಟು, ಕೆಡುಂಗ್ ಒಂಬೊ ಅಣೆಕಟ್ಟಿನಲ್ಲಿ ಮುಳುಗಿದ ಹಳ್ಳಿಗಳ ಜನರ ಬಳಿಗೆ ಹೋಗಿದ್ದರು. 1999ರ ಫೆಬ್ರವರಿ 10ರಂದು ಜಕಾರ್ತದ ವಿಚಾರ ಸಂಕಿರಣವೊಂದರಲ್ಲಿ ಪಾಲ್ಗೊಂಡಿದ್ದಾಗಲೇ ಅವರು ಕೊನೆಯುಸಿರೆಳೆದರು.