ಕೂತರೂ ನಡೆಯದ ಬಿಡಿಭಾಗಗಳು: ಹಾವೇರಿ ಜಿಲ್ಲೆಯ ನಾಲ್ಕು ಊರುಗಳ ಡೆಸ್ಕ್‌ಟಾಪ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರ ಬದುಕಿಗೆ ಕಂಪ್ಯೂಟರ್ ನೇರವಾಗಿ ತಾಗಿದ್ದು ಬಹುಮಟ್ಟಿಗೆ ‘ಭೂಮಿ’ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳ ಪಹಣಿ ಗಣಕಕ್ಕೇರಿತು. ಕೈಬರಹದ ಉತಾರ ಹೋಗಿ ಮುದ್ರಿತ ಉತಾರ ಬಂತು. ಆಮೇಲೆ ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಫೋಟೋ ಸ್ಟುಡಿಯೋ, ಸಹಕಾರಿ ಸಂಘ, ದಲಾಲಿ ಅಂಗಡಿಗಳಿಗೂ ಡೆಸ್ಕ್‌ಟಾಪ್ ಹಬ್ಬಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೆಯ ಯಂತ್ರವಿರುವ ಎಲ್ಲರ ಮುಂದೆಯೂ ಒಂದೇ ಪ್ರಶ್ನೆ ಇದೆ: ಯಾವ ಭಾಗ ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬಹುದು?

ಈ ಟಿಪ್ಪಣಿಯ ವಾದ ಇಷ್ಟು. ಜಾಗದಲ್ಲಿ ಕೂರದ ಭಾಗದಿಂದ ಗಿರಾಕಿಗೆ ಅಂಥ ನಷ್ಟವಿಲ್ಲ. ಅದು ಕೈಗೆ ತಗೊಂಡ ಕೂಡಲೇ ಗೊತ್ತಾಗುತ್ತದೆ. ಸರಿಯಾಗಿ ಕೂತು, ಆದರೂ ನಡೆಯದ ಭಾಗವೇ ದುಡ್ಡು ತಿನ್ನುವುದು. ಹುಬ್ಬಳ್ಳಿಗೆ ಹೋಗಿ ಅಥವಾ ಆನ್‌ಲೈನ್‌ನಲ್ಲಿ ಸಾಮಾನು ತರಿಸುವ ಊರುಗಳಲ್ಲಿ, ಅದರಲ್ಲೂ ದೂರದ ಹಿರೇಕೆರೂರಿನಂಥ ಕಡೆ, ತಂದದ್ದನ್ನು ಹಿಂದಿರುಗಿಸುವುದೇ ಇನ್ನೊಂದು ಖರ್ಚು. ಆದ್ದರಿಂದ ಇಂಥ ಭಾಗಗಳನ್ನೇ ಇಲ್ಲಿ ಮುಖ್ಯವಾಗಿ ಪರಿಶೀಲಿಸಿದ್ದೇನೆ.

1. ರ‍್ಯಾಮ್

ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಆದರೆ ಪ್ರತಿ ತಲೆಮಾರಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಇಳಿಯುವುದಿಲ್ಲ. ಈ ತಪ್ಪು ತಾನಾಗಿಯೇ ತಪ್ಪುತ್ತದೆ.

ಒಂದೇ ತಲೆಮಾರಿನೊಳಗಿನ ವ್ಯತ್ಯಾಸ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಕೋರ್ 2 ಡ್ಯುಯೊ ಕಾಲದ, ಇಂಟೆಲ್ ಜಿ41 ಚಿಪ್‌ಸೆಟ್ಟಿನ ಡಿಡಿಆರ್3 ಬೋರ್ಡನ್ನು ತಗೊಳ್ಳಿ. ಅದು ಒಂದು ಚಿಪ್ಪಿಗೆ 2 ಗಿಗಾಬಿಟ್‌ವರೆಗೆ ಮಾತ್ರ ಗುರುತಿಸುತ್ತದೆ. 4 ಜಿಬಿ ಎಂದರೆ 32 ಗಿಗಾಬಿಟ್. ಅಂದರೆ ಅಂಥ ಸ್ಟಿಕ್ಕಿನ ಎರಡೂ ಬದಿ ಸೇರಿ 16 ಚಿಪ್ಪಿರಬೇಕು. ಆಮೇಲೆ ಬಂದ 4 ಜಿಬಿ ಸ್ಟಿಕ್ಕುಗಳಲ್ಲಿ ತಲಾ 4 ಗಿಗಾಬಿಟ್ಟಿನ 8 ಚಿಪ್ಪುಗಳೇ ಹೆಚ್ಚು. ಇವು ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ, ಲೇಬಲ್ ಮೇಲೂ ಡಿಡಿಆರ್3 ಎಂದೇ ಇರುತ್ತದೆ; ಆದರೆ ಡಿಸ್‌ಪ್ಲೇ ಬರುವುದಿಲ್ಲ, ಇಲ್ಲವೇ ಅರ್ಧ ಮೆಮೊರಿಯಷ್ಟೇ ಕಾಣುತ್ತದೆ. ಕೊಳ್ಳುವ ಮುನ್ನ ಸ್ಟಿಕ್ಕನ್ನು ತಿರುವಿ ಚಿಪ್ಪು ಎಣಿಸುವುದೇ ಇದಕ್ಕಿರುವ ಸುಲಭ ಪರೀಕ್ಷೆ.

2. ಪ್ರೊಸೆಸರ್

2015ರಲ್ಲಿ ಬಂದ ಎಲ್‌ಜಿಎ 1151 ಸಾಕೆಟ್ ಇಂಟೆಲ್‌ನ 6 ಮತ್ತು 7ನೇ ತಲೆಮಾರಿಗೆ ಸಲ್ಲುತ್ತಿತ್ತು. 2017ರಲ್ಲಿ 8ನೇ ತಲೆಮಾರು ಬಂದಾಗ ಸಾಕೆಟ್ಟಿನ ಹೆಸರು, ಪಿನ್ನುಗಳ ಸಂಖ್ಯೆ ಅದೇ ಉಳಿದವು. ಕೆಲವು ಪಿನ್ನುಗಳ ಕೆಲಸ ಬದಲಾಯಿತು. ಹೀಗಾಗಿ 8ನೇ ತಲೆಮಾರಿನ ಕೋರ್ ಐ3 ಹಳೆಯ ಎಚ್110 ಬೋರ್ಡಿನಲ್ಲಿ ಕೂರುತ್ತದೆ, ಯಂತ್ರ ಏಳುವುದಿಲ್ಲ. ಅದಕ್ಕೆ ಎಚ್310ರಂಥ 300 ಸರಣಿಯ ಬೋರ್ಡೇ ಬೇಕು.

ವಿಂಡೋಸ್ 11ರ ಗೆರೆಯೂ ಸರಿಯಾಗಿ ಇಲ್ಲಿಯೇ ಬೀಳುತ್ತದೆ. ಸಾಮಾನ್ಯ ಇಂಟೆಲ್ ಡೆಸ್ಕ್‌ಟಾಪುಗಳಲ್ಲಿ ಅದು ಕೇಳುವುದು 8ನೇ ತಲೆಮಾರು ಅಥವಾ ಅದರಾಚೆಗಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ. 6ನೇ ತಲೆಮಾರಿನ ಯಂತ್ರವಿರುವವರು ‘ಪ್ರೊಸೆಸರ್ ಒಂದನ್ನು ಹಾಕಿಸಿದರೆ ಸಾಕು’ ಎಂದುಕೊಳ್ಳುವುದು ಸಹಜ. ಹಾಗೆ ಮಾಡಿದರೆ ಹಣ ಹೋಗುತ್ತದೆ. ಬೋರ್ಡು, ಪ್ರೊಸೆಸರ್ ಎರಡನ್ನೂ ಬದಲಿಸಬೇಕು. ಹಾಗಿದ್ದರೂ ಹಳೆಯ ಡಿಡಿಆರ್4 ರ‍್ಯಾಮನ್ನು ಉಳಿಸಿಕೊಳ್ಳಬಹುದು. ಇನ್ನೂ ಹೊಸದಾದ ಎಚ್610 ಬೋರ್ಡುಗಳು ಡಿಡಿಆರ್4, ಡಿಡಿಆರ್5 ಎರಡೂ ಬಗೆಯಲ್ಲಿ ಬರುವುದರಿಂದ ಯಾವುದೆಂದು ಕೇಳಿ ಕೊಳ್ಳಬೇಕು. ಇನ್ನೂ ಹಳೆಯ ಎಚ್61, ಎಚ್81 ಬೋರ್ಡಿನವರಿಗೆ ಈ ಅನುಕೂಲವಿಲ್ಲ. ಅವರ ರ‍್ಯಾಮ್ ಡಿಡಿಆರ್3 ಆದ್ದರಿಂದ ಮೂರನ್ನೂ ಕೊಳ್ಳಬೇಕಾಗುತ್ತದೆ.

3. ಡಿಸ್ಕ್

ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಜಿ41ನಿಂದ ಎಚ್610ರವರೆಗೆ ಎಲ್ಲ ಬೋರ್ಡುಗಳಲ್ಲೂ ನಡೆಯುತ್ತದೆ. ಎಚ್61ರ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್ ಆದರೂ ಹಾರ್ಡ್‌ಡಿಸ್ಕಿಗಿಂತ ಎಷ್ಟೋ ಪಾಲು ಚುರುಕು. ಎನ್‌ವಿಎಂಇ ಡಿಸ್ಕನ್ನು ಅಡಾಪ್ಟರ್ ಮೂಲಕ ಇಂಥ ಬೋರ್ಡಿಗೆ ಸೇರಿಸಬಹುದು. ಆದರೆ ಬೋರ್ಡಿನ ಮೂಲ ಬಯಾಸ್ ಆ ಡಿಸ್ಕಿನಿಂದ ವಿಂಡೋಸ್ ಎಬ್ಬಿಸುವುದಿಲ್ಲ.

4. ವಿದ್ಯುತ್ತು

ಹೆಸ್ಕಾಂ ಪೂರೈಕೆಯ ಈ ಊರುಗಳಲ್ಲಿ ಯುಪಿಎಸ್ ಕೂಡ ಯಂತ್ರದ ಒಂದು ಭಾಗವೆಂದೇ ಎಣಿಸಬೇಕು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಗೆ ಹೊರಳಿದಾಗ ಮೆಟ್ಟಿಲಾಕಾರದ ಅಲೆ ಹೊರಡಿಸುತ್ತದೆ. ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅದನ್ನು ತಾಳದೆ ಆ ಕ್ಷಣವೇ ಬಂದಾಗುತ್ತವೆ. ಅಂದರೆ ಎಸ್‌ಎಂಪಿಎಸ್ ಸುಧಾರಿಸಿದವರ ಯಂತ್ರವೇ ಕರೆಂಟು ಹೋದಾಗ ಆರಬಹುದು. ಹೊಸ ಎಸ್‌ಎಂಪಿಎಸ್ ಹಾಕಿಸಿದ ದಿನವೇ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷಿಸಬೇಕು.

5. ಹಳೆಯ ಪ್ರಿಂಟರ್, ಹಳೆಯ ತಂತ್ರಾಂಶ

ಪ್ಯಾರಲಲ್ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮತ್ತು ಡಾಸ್ ಕಾಲದ ಲೆಕ್ಕದ ತಂತ್ರಾಂಶವನ್ನು ನೆಚ್ಚಿದ ಕಡೆ ಬೇರೆಯದೇ ತೊಡಕು. ಹೊಸ ಬೋರ್ಡುಗಳಲ್ಲಿ ಆ ಪೋರ್ಟ್ ಬಹುತೇಕ ಇಲ್ಲ. ವಿಂಡೋಸ್ 11 64 ಬಿಟ್‌ನಲ್ಲಿ ಮಾತ್ರ ಬರುವುದರಿಂದ 16 ಬಿಟ್ ಡಾಸ್ ತಂತ್ರಾಂಶ ಅದರಲ್ಲಿ ನೇರವಾಗಿ ತೆರೆಯುವುದೇ ಇಲ್ಲ. ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ ಟೈಪು ಮಾಡಿದ ದಸ್ತಾವೇಜುಗಳಿಗೆ ಆ ಫಾಂಟುಗಳನ್ನೂ ಹೊಸ ಯಂತ್ರಕ್ಕೆ ಒಯ್ಯಬೇಕು.

ತೀರ್ಮಾನ

ಆಯ್ಕೆ ಶುರುವಾಗಬೇಕಾದದ್ದು ಹೊಸ ಭಾಗದ ಬೆಲೆಯಿಂದಲ್ಲ, ಬಿಡಲಾಗದ ಹಳೆಯ ವಸ್ತುವಿನಿಂದ. ಡಿಡಿಆರ್3 ಯಂತ್ರಕ್ಕೆ ಎಸ್‌ಎಸ್‌ಡಿಗಿಂತ ಹೆಚ್ಚಿನ ಖರ್ಚು ಸಲ್ಲ. ಹಳೆಯ ಲೆಕ್ಕದ ತಂತ್ರಾಂಶವಿದ್ದರೆ ಆ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸದೆ ಆ ಕೆಲಸಕ್ಕೇ ಮೀಸಲಿಡುವುದು ಕ್ಷೇಮ. 6–7ನೇ ತಲೆಮಾರಿನವರು ರ‍್ಯಾಮ್ ಉಳಿಸಿಕೊಂಡು ಬೋರ್ಡು, ಪ್ರೊಸೆಸರ್ ಬದಲಿಸಲಿ. ಯಾರೇ ಆಗಲಿ, ಹುಬ್ಬಳ್ಳಿ ಬಸ್ಸು ಹತ್ತುವ ಮೊದಲು ಬೋರ್ಡಿನ ಪೂರ್ಣ ಮಾದರಿ ಹೆಸರು, ಬಯಾಸ್ ಆವೃತ್ತಿ, ರ‍್ಯಾಮಿನ ತಲೆಮಾರು, ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗಳ ವ್ಯಾಟ್, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು, ಬೋರ್ಡ್ ತಯಾರಕರು ಪ್ರಕಟಿಸುವ ಪ್ರೊಸೆಸರ್ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಮೇಲೆ ಹೇಳಿದ ಹೆಚ್ಚಿನ ನಷ್ಟಗಳು ಆ ಒಂದು ಚೀಟಿಯಿಂದ ತಪ್ಪುವಂಥವು.