32 ಇಂಚಿನ ಟಿವಿಯೇ ಕಂಪ್ಯೂಟರ್‌ಗೂ ಸಾಕೇ? ಮನೆಗೆ ಮಾನಿಟರ್ ಕೊಳ್ಳುವ ಮುನ್ನ ತಿಳಿಯಬೇಕಾದ್ದು

“ಮಾನಿಟರ್‌ಗೆ ದುಡ್ಡು ಹಾಳು ಮಾಡಬೇಡಿ. ಅದೇ ದುಡ್ಡಿಗೆ 32 ಇಂಚಿನ ಎಲ್‌ಇಡಿ ಟಿವಿ ಬರುತ್ತದೆ. ಎಚ್‌ಡಿಎಂಐ ವೈರ್ ಹಾಕಿದರೆ ಅದೇ ಕಂಪ್ಯೂಟರ್! ಎಲ್ಲರಿಗೂ ತಿಳಿಸಿ.”

ಹೀಗೊಂದು ಸಂದೇಶ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. ಅದನ್ನು ಓದಿದ ಕಮಲಾಪುರದ ಕಾಕಾ ಕೂಡಲೇ ಫೋನ್ ಮಾಡಿದರು. “ಯವ್ವಾ, ಟಿವಿ ತಗೊಂಡ್ರ ನಡಿತದೇನು? ಸಣ್ಣ ಮಾನಿಟರ್ ಯಾಕ ಬೇಕು?”

ಕಾಕಾನ ಮಗಳು ಪಿಯುಸಿ ಮುಗಿಸಿ ಕನ್ನಡ ಟೈಪಿಂಗ್ ಕಲಿತಿದ್ದಾಳೆ. ಅರ್ಜಿ, ಕರಾರು ಪತ್ರ, ಮದುವೆ ಪತ್ರಿಕೆಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಟ್ಟು ನಾಲ್ಕು ಕಾಸು ದುಡಿಯಬೇಕು ಎಂಬುದು ಅವಳ ಆಸೆ. ಸಂಬಂಧಿಕರಿಂದ ಹಳೆಯ ಸಿಪಿಯು ಸಿಕ್ಕಿದೆ, ಪರದೆ ಮಾತ್ರ ಬೇಕು. ಕೆಂಪು ಬಾಳೆ ಮಾರಿದ ದುಡ್ಡಿನಲ್ಲಿ ಕಾಕಾ ಹತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದರು. ತಪ್ಪು ಪರದೆ ತಂದರೆ ಇನ್ನೊಂದನ್ನು ಕೊಳ್ಳಲು ಮುಂದಿನ ಫಸಲಿನವರೆಗೆ ಕಾಯಬೇಕು.

ಹಾಗಾದರೆ ಈ ಸಂದೇಶ ನಿಜವೇ? ಒಂದೊಂದಾಗಿ ನೋಡೋಣ.

ಸಂದೇಶದಲ್ಲಿ ನಿಜವೆಷ್ಟು?

ಟಿವಿಯನ್ನು ಕಂಪ್ಯೂಟರ್‌ಗೆ ಜೋಡಿಸಬಹುದು ಎಂಬುದು ನಿಜ. ಹಾಸಿಗೆಯ ಮೇಲೆ ಕುಳಿತು ಆನ್‌ಲೈನ್ ಪಾಠ, ಸಿನಿಮಾ, ಕ್ರಿಕೆಟ್ ನೋಡುವವರಿಗೆ ಟಿವಿ ಒಳ್ಳೆಯ ಆಯ್ಕೆಯೇ. ಆದರೆ ಮೇಜಿನ ಮುಂದೆ ಕುಳಿತು ದಿನಕ್ಕೆ ನಾಲ್ಕೈದು ಗಂಟೆ ಓದುವ, ಬರೆಯುವ ಕೆಲಸಕ್ಕೆ ಕಡಿಮೆ ಬೆಲೆಯ 32 ಇಂಚಿನ ಟಿವಿ ಸರಿಹೊಂದುವುದಿಲ್ಲ. ಅದಕ್ಕೆ ಕಾರಣ ಇಂಚಿನಲ್ಲಿ ಇಲ್ಲ, ಚುಕ್ಕಿಗಳಲ್ಲಿದೆ.

ಇಂಚು ಎಂದರೆ ಯಾವುದರ ಅಳತೆ?

ಡಬ್ಬದ ಮೇಲೆ ಬರೆದಿರುವ ಇಂಚು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಅದು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಉದ್ದ. ಪರದೆಯ ಆಕಾರ ಬೇರೆಯಾದರೆ ಇಂಚಿನ ಲೆಕ್ಕ ದಾರಿ ತಪ್ಪಿಸುತ್ತದೆ.

ಹಿಂದೆ ಕಚೇರಿಗಳಲ್ಲಿ ಬಳಸುತ್ತಿದ್ದ, ಹೆಚ್ಚುಕಡಿಮೆ ಚೌಕದಂತೆ ಕಾಣುವ 17 ಇಂಚಿನ ಪರದೆ ನೆನಪಿದೆಯೇ? ಅದರ ಅಗಲ ಸುಮಾರು 34 ಸೆಂ.ಮೀ., ಎತ್ತರ 27 ಸೆಂ.ಮೀ. ಈಗಿನ ಅಗಲ ಪರದೆಗಳ ಆಕಾರ 16:9. ಅಂದರೆ ಅಗಲ 16 ಪಾಲು, ಎತ್ತರ 9 ಪಾಲು. ಈ ಆಕಾರದ 18.5 ಇಂಚಿನ ಮಾನಿಟರ್ 41 ಸೆಂ.ಮೀ. ಅಗಲ ಇರುತ್ತದೆ, ಎತ್ತರ ಮಾತ್ರ 23 ಸೆಂ.ಮೀ. ಇಂಚು ಹೆಚ್ಚಾಯಿತು, ಎತ್ತರ 4 ಸೆಂ.ಮೀ. ಕಡಿಮೆಯಾಯಿತು! ಸಿನಿಮಾಗೆ ಅಗಲ ಬೇಕು. ಪತ್ರ ಟೈಪ್ ಮಾಡಲು ಎತ್ತರ ಬೇಕು. 24 ಇಂಚಿನ ಅಗಲ ಪರದೆಯ ಎತ್ತರ ಸುಮಾರು 30 ಸೆಂ.ಮೀ. ಇರುತ್ತದೆ. ಒಂದು ಎ4 ಹಾಳೆಯ ಎತ್ತರವೂ 29.7 ಸೆಂ.ಮೀ.

ಚುಕ್ಕಿಗಳ ಲೆಕ್ಕ

ಪರದೆಯ ಮೇಲಿನ ಪ್ರತಿ ಅಕ್ಷರವೂ ಸಣ್ಣ ಸಣ್ಣ ಚುಕ್ಕಿಗಳಿಂದ ಮೂಡುತ್ತದೆ, ರಂಗೋಲಿಯ ಹಾಗೆ. ಇವಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಕಡಿಮೆ ಬೆಲೆಯ 32 ಇಂಚಿನ ಟಿವಿಗಳು ಸಾಮಾನ್ಯವಾಗಿ ‘ಎಚ್‌ಡಿ ರೆಡಿ’ ಆಗಿರುತ್ತವೆ. ಅಡ್ಡ 1366, ಉದ್ದ 768 ಚುಕ್ಕಿ, ಒಟ್ಟು ಸುಮಾರು 10.5 ಲಕ್ಷ. ‘ಫುಲ್ ಎಚ್‌ಡಿ’ ಮಾನಿಟರ್‌ನಲ್ಲಿ ಅಡ್ಡ 1920, ಉದ್ದ 1080 ಚುಕ್ಕಿ, ಒಟ್ಟು 20.7 ಲಕ್ಷ. ಅಂದರೆ ಟಿವಿ ದೊಡ್ಡದಾಗಿದ್ದರೂ ಅದರಲ್ಲಿ ಹಿಡಿಸುವ ವಿಷಯ ಸುಮಾರು ಅರ್ಧ ಮಾತ್ರ.

ಒಂದು ಇಂಚು ಉದ್ದದಲ್ಲಿ ಎಷ್ಟು ಚುಕ್ಕಿಗಳು ಬರುತ್ತವೆ ಎಂದು ಲೆಕ್ಕ ಹಾಕಿದರೆ ಹೀಗಿದೆ:

- 32 ಇಂಚಿನ ಎಚ್‌ಡಿ ರೆಡಿ ಟಿವಿ: 49
- 32 ಇಂಚಿನ ಫುಲ್ ಎಚ್‌ಡಿ ಟಿವಿ: 69
- 27 ಇಂಚಿನ ಫುಲ್ ಎಚ್‌ಡಿ ಮಾನಿಟರ್: 82
- 18.5 ಇಂಚಿನ 1366 × 768 ಮಾನಿಟರ್: 85
- 24 ಇಂಚಿನ ಫುಲ್ ಎಚ್‌ಡಿ ಮಾನಿಟರ್: 92
- 21.5 ಇಂಚಿನ ಫುಲ್ ಎಚ್‌ಡಿ ಮಾನಿಟರ್: 102
- 27 ಇಂಚಿನ 2560 × 1440 ಮಾನಿಟರ್: 109

ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಇದು 400ರ ಆಸುಪಾಸಿನಲ್ಲಿ ಇರಬಹುದು. ಅದಕ್ಕೇ ಫೋನಿನಲ್ಲಿ ಕನ್ನಡ ಅಷ್ಟು ಚೊಕ್ಕವಾಗಿ ಕಾಣುತ್ತದೆ.

“ಹಂಗಾದ್ರ ಟಿವಿಯಾಗ ಕ್ರಿಕೆಟ್ ಹ್ಯಾಂಗ್ ಚಂದ ಕಾಣ್ತದ?” ಎಂದು ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ದೂರದಲ್ಲಿದೆ. ಒಳ್ಳೆಯ ದೃಷ್ಟಿ ಇರುವವರು 3 ಮೀಟರ್ ದೂರದಿಂದ ಸುಮಾರು 0.87 ಮಿ.ಮೀ. ಗಾತ್ರದವರೆಗಿನ ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲರು. ಆ ಟಿವಿಯ ಒಂದು ಚುಕ್ಕಿ 0.52 ಮಿ.ಮೀ. ಇರುವುದರಿಂದ ಅಷ್ಟು ದೂರದಿಂದ ಚುಕ್ಕಿಗಳು ಬೆರೆತು ಚಿತ್ರ ನುಣುಪಾಗಿ ಕಾಣುತ್ತದೆ. ಮೇಜಿನ ಮುಂದೆ 60 ಸೆಂ.ಮೀ. ದೂರದಲ್ಲಿ ಕುಳಿತರೆ ಅದೇ ಕಣ್ಣು 0.17 ಮಿ.ಮೀ. ಚುಕ್ಕಿಯನ್ನೂ ಹಿಡಿಯುತ್ತದೆ. ಆಗ ಟಿವಿಯ ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನ ಚುಕ್ಕಿ 0.28 ಮಿ.ಮೀ. ಅದೂ ಪೂರ್ತಿ ಮರೆಯಾಗುವುದಿಲ್ಲ, ಆದರೆ ಟಿವಿಯದಕ್ಕಿಂತ ಸುಮಾರು ಅರ್ಧದಷ್ಟು ಸಣ್ಣದು.

‘ದನ’ ಮತ್ತು ‘ಧನ’ದ ನಡುವೆ

ಇದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಮುಖ್ಯ. ಇಂಗ್ಲಿಷಿನ ಅಕ್ಷರಗಳು ಹೆಚ್ಚಾಗಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತಕ್ಷರ ಇರುತ್ತವೆ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಪ’ ಮತ್ತು ‘ಫ’ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು ಮಾತ್ರ.

ಎ4 ಹಾಳೆಯನ್ನು ಅದರ ನಿಜವಾದ ಗಾತ್ರದಲ್ಲೇ ಪರದೆಯ ಮೇಲೆ ತೆರೆದಿದ್ದೀರಿ ಎಂದುಕೊಳ್ಳಿ. 12 ಪಾಯಿಂಟ್ ಅಕ್ಷರದ ಒಂದು ಸಾಲಿಗೆ ಆ ಟಿವಿಯಲ್ಲಿ ಸಿಗುವುದು ಎತ್ತರಕ್ಕೆ 8 ಚುಕ್ಕಿ. ಗುಡಿಸು, ಅಕ್ಷರ, ಒತ್ತು ಎಲ್ಲವೂ ಆ ಎಂಟರಲ್ಲೇ ಹಿಡಿಸಬೇಕು. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ 15 ಚುಕ್ಕಿ ಸಿಗುತ್ತವೆ. ‘ದನ’ ‘ಧನ’ವಾದರೆ ನಕ್ಕು ಸುಮ್ಮನಾಗಬಹುದು. ಕರಾರು ಪತ್ರದಲ್ಲಿ ಹೆಸರು ತಪ್ಪಾದರೆ ಪತ್ರ ಮಾಡಿಸಿದವರು ಮತ್ತೆ ಅಲೆಯಬೇಕಾಗುತ್ತದೆ, ಟೈಪ್ ಮಾಡಿದವರ ಮೇಲಿನ ನಂಬಿಕೆಯೂ ಹೋಗುತ್ತದೆ.

ಅಕ್ಷರವನ್ನು ದೊಡ್ಡದು ಮಾಡಿಕೊಂಡರಾಯಿತಲ್ಲ ಎನ್ನಬಹುದು. ಮಾಡಬಹುದು. ಆಗ ಟಿವಿಯಲ್ಲಿ ಒಮ್ಮೆಗೆ ಕಾಣುವ ಸಾಲುಗಳು ಕಡಿಮೆಯಾಗುತ್ತವೆ. ದೊಡ್ಡ ಪರದೆ ಕೊಂಡು ಕಡಿಮೆ ಓದಿದಂತೆ!

ಹಾಗಾದರೆ ಯಾವುದನ್ನು ಕೊಳ್ಳಬೇಕು?

- ಮನೆಯ ಸಾಮಾನ್ಯ ಬಳಕೆಗೆ, ಓದು ಬರಹಕ್ಕೆ: 24 ಇಂಚು, ಫುಲ್ ಎಚ್‌ಡಿ. ಡಬ್ಬದ ಮೇಲೆ 23.8 ಎಂದೂ ಇರುತ್ತದೆ.
- ಮೇಜು ಸಣ್ಣದಿದ್ದರೆ: 21.5 ಅಥವಾ 22 ಇಂಚು, ಫುಲ್ ಎಚ್‌ಡಿ.
- 27 ಇಂಚೇ ಬೇಕೆಂದರೆ: 2560 × 1440 ಇರುವುದನ್ನು ನೋಡಿ. ನಿಮ್ಮ ಸಿಪಿಯು ಅದನ್ನು ನಡೆಸಬಲ್ಲುದೇ ಎಂದು ಮೊದಲು ಕೇಳಿ.
- 1366 × 768 ಎಂದು ಬರೆದಿದ್ದರೆ, ಅಗ್ಗವಾದರೂ ಓದು ಬರಹಕ್ಕೆ ಬೇಡ.

ತಂದ ಮೇಲೆ ಕಂಪ್ಯೂಟರ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1920 × 1080 ಆಯ್ಕೆಯಾಗಿದೆಯೇ ನೋಡಿ. ಬೇರೆ ಸಂಖ್ಯೆ ಇದ್ದರೆ ಹೊಸ ಪರದೆಯೂ ಮಸುಕಾಗಿಯೇ ಕಾಣುತ್ತದೆ. ಅಕ್ಷರ ಸಣ್ಣದೆನಿಸಿದರೆ ಆ ಸಂಖ್ಯೆಯನ್ನು ಇಳಿಸಬೇಡಿ. ಅಲ್ಲೇ ಇರುವ ‘ಸ್ಕೇಲ್’ ಅನ್ನು 125 ಪ್ರತಿಶತ ಮಾಡಿಕೊಳ್ಳಿ.

ನೀಲಿ ಬೆಳಕಿಗೆ ಕಣ್ಣು ಹಾಳಾಗುತ್ತದೆಯೇ?

ಇನ್ನೊಂದು ಸಂದೇಶವೂ ಓಡಾಡುತ್ತಿದೆ: ಎಲ್‌ಇಡಿ ಪರದೆಯ ನೀಲಿ ಬೆಳಕಿನಿಂದ ಮಕ್ಕಳು ಕುರುಡಾಗುತ್ತಾರೆ, ‘ಬ್ಲೂ ಕಟ್’ ಕನ್ನಡಕ, ಗಾಜು ಕೊಳ್ಳಿ ಎಂದು. ಇದಕ್ಕೆ ಆಧಾರವಿಲ್ಲ. ಬಯಲಿನಲ್ಲಿ ನಿಂತರೆ ಬಿಸಿಲಿನಿಂದ ಕಣ್ಣಿಗೆ ಬೀಳುವ ನೀಲಿ ಬೆಳಕು ಪರದೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವರದಿ, ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ನೀಲಿ ಬೆಳಕು ತಡೆಯುವ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸಾಧ್ಯತೆ ಕಾಣುವುದಿಲ್ಲ ಎಂದಿತು. ಪ್ರಯೋಗಗಳು ಅಲ್ಪಾವಧಿಯವು ಎಂದೂ ಅದು ಹೇಳಿದೆ.

ಹಾಗಾದರೆ ಕಣ್ಣು ಉರಿಯುವುದೇಕೆ? ನಾವು ರೆಪ್ಪೆ ಬಡಿಯುವುದನ್ನು ಮರೆಯುತ್ತೇವೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಬಡಿಯುವ ರೆಪ್ಪೆ, ಪರದೆ ನೋಡುವಾಗ 5ರಿಂದ 7 ಬಾರಿಗೆ ಇಳಿಯಬಹುದು. ಕಣ್ಣು ಒಣಗಿ ಉರಿ ಬರುತ್ತದೆ. ಪರಿಹಾರಕ್ಕೆ ದುಡ್ಡು ಬೇಕಿಲ್ಲ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಿ. ಪರದೆಯನ್ನು ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರುವಂತೆ ಇಡಿ. ತಲೆನೋವು ಹೋಗದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ.

ಡಬ್ಬದ ಮೇಲಿನ ದೊಡ್ಡ ಮಾತುಗಳು

ಎಲ್‌ಇಡಿ: ‘ಎಲ್‌ಇಡಿ ಮಾನಿಟರ್’ ಎಂದು ಮಾರುವ ಹೆಚ್ಚಿನವು ಎಲ್‌ಸಿಡಿಯೇ. ಹಿಂದಿನಿಂದ ಬೆಳಕು ಕೊಡುವ ಟ್ಯೂಬ್‌ಗಳ ಜಾಗಕ್ಕೆ ಎಲ್‌ಇಡಿ ಬಂದಿದೆ, ಅಷ್ಟೇ.

ಐಪಿಎಸ್: ಇದು ನೋಡಬೇಕಾದ ಪದ. ಐಪಿಎಸ್ ಪರದೆಯಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಅಗ್ಗದ ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಮಂಕಾಗುತ್ತದೆ.

ಡೈನಾಮಿಕ್ ಕಾಂಟ್ರಾಸ್ಟ್ ಕೋಟಿಗೆ ಒಂದು: ಇದನ್ನು ಪಕ್ಕಕ್ಕಿಡಿ. ಹಿಂದಿನ ಬೆಳಕನ್ನೇ ಏರಿಳಿಸಿ ಪಡೆದ ಸಂಖ್ಯೆ ಇದು, ಓದಲು ಉಪಯೋಗವಿಲ್ಲ.

144 ಹರ್ಟ್ಸ್, 1 ಮಿಲಿಸೆಕೆಂಡ್: ವೇಗದ ಗೇಮ್ ಆಡುವವರಿಗೆ ಮುಖ್ಯ. ಟೈಪಿಂಗ್‌ಗೆ 60 ಹರ್ಟ್ಸ್ ಸಾಕು.

ವೈರ್ ಕೂಡುತ್ತದೆಯೇ?

ಕೊಳ್ಳುವ ಮೊದಲು ಸಿಪಿಯು ಹಿಂಭಾಗದ ಫೋಟೋ ತೆಗೆದುಕೊಂಡು ಹೋಗಿ. ಹಳೆಯ ಸಿಪಿಯುಗಳಲ್ಲಿ 15 ರಂಧ್ರದ, ಹೆಚ್ಚಾಗಿ ನೀಲಿ ಬಣ್ಣದ ವಿಜಿಎ ಕಿಂಡಿ ಮಾತ್ರ ಇರುತ್ತದೆ. ಕಾಕಾನ ಮನೆಯ ಸಿಪಿಯು ಅಂಥದ್ದೇ. ಸಂದೇಶ ಹೇಳಿದ ಎಚ್‌ಡಿಎಂಐ ವೈರ್ ಅದಕ್ಕೆ ಕೂಡುವುದೇ ಇಲ್ಲ. ವಿಜಿಎ ಮತ್ತು ಎಚ್‌ಡಿಎಂಐ ಎರಡೂ ಇರುವ ಮಾನಿಟರ್ ಕೊಂಡರೆ ಇಂದಿನ ಸಿಪಿಯುಗೂ ನಾಳಿನದಕ್ಕೂ ಆಗುತ್ತದೆ.

ನಮ್ಮ ಕಡೆಯ ಬಿಸಿಲು, ಕರೆಂಟು

ಅನೇಕ ಮಾನಿಟರ್‌ಗಳ ಕೈಪಿಡಿಯಲ್ಲಿ ಬಳಸಬಹುದಾದ ಗರಿಷ್ಠ ಉಷ್ಣಾಂಶ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗಿನ ಬಿಸಿಯೇ ಅದನ್ನು ದಾಟುತ್ತದೆ. ಪತ್ರಾಸಿನ ಕೋಣೆಯಾದರೆ ಮಧ್ಯಾಹ್ನ ಬಿಡುವು ಕೊಡಿ, ಹಿಂಭಾಗದ ಗಾಳಿಕಿಂಡಿಗಳನ್ನು ಬಟ್ಟೆಯಿಂದ ಮುಚ್ಚಬೇಡಿ. ಹೊಳೆಯುವ ಪರದೆಗಿಂತ ಮ್ಯಾಟ್ ಪರದೆ ಒಳ್ಳೆಯದು. ಕಿಟಕಿ ಪರದೆಯ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕದಲ್ಲಿರಲಿ.

ಹೆಚ್ಚಿನ ಮಾನಿಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತವೆ. ಹಿಂಭಾಗದ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಪ್ರತ್ಯೇಕ ಸ್ಟೆಬಿಲೈಸರ್ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸರಿಯಾದ ಅರ್ಥಿಂಗ್ ಬೇಕು, ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ತೆಗೆಯಬೇಕು. ಬಿಲ್ಲಿನ ಚಿಂತೆ ಬೇಡ: 25 ವ್ಯಾಟ್‌ನ ಮಾನಿಟರ್ ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್.

ಅಂಗಡಿಯಲ್ಲಿ ಮಾಡಬೇಕಾದ್ದು

- ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಕನ್ನಡ ಪುಟ ಒಯ್ಯಿರಿ. ಅದನ್ನು ಪರದೆಯ ಮೇಲೆ ತೆರೆಸಿ, ಕುಳಿತು ಓದಿ. ಅಂಗಡಿಯವರು ಹಾಕುವ ಹೂವು, ಗಿಳಿಯ ವಿಡಿಯೊ ಎಲ್ಲ ಪರದೆಯಲ್ಲೂ ಚಂದವೇ.
- ಪೂರ್ತಿ ಬಿಳಿ, ಪೂರ್ತಿ ಕಪ್ಪು ಪುಟ ಹಾಕಿಸಿ. ಸತ್ತ ಚುಕ್ಕಿಗಳಿದ್ದರೆ ಆಗಲೇ ಕಾಣುತ್ತವೆ. ಒಂದೆರಡು ಚುಕ್ಕಿಗೆ ಎಲ್ಲ ಕಂಪನಿಗಳೂ ಬದಲಿ ಕೊಡುವುದಿಲ್ಲ.
- ವಾರಂಟಿ ಎಷ್ಟು ವರ್ಷ, ರಿಪೇರಿಯವರು ನಿಮ್ಮ ಊರಿಗೆ ಬರುತ್ತಾರೆಯೇ ಎಂದು ಕೇಳಿ. ಕಮಲಾಪುರದಿಂದ ಕಲಬುರಗಿಗೆ ಪರದೆಯನ್ನು ಬಸ್ಸಿನಲ್ಲಿ ಹೊತ್ತು ತರುವುದು ಸುಲಭವಲ್ಲ. ಡಬ್ಬ, ಥರ್ಮೋಕೋಲ್ ಎಸೆಯಬೇಡಿ.
- ಬಿಲ್ ತಪ್ಪದೇ ಪಡೆಯಿರಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನಾವೂ ಹಾಗೆಯೇ ಮಾಡಿದೆವು. ತಂಗಿ ಟೈಪ್ ಮಾಡಿದ ಒಂದು ಕರಾರು ಪತ್ರವನ್ನು ಕಲಬುರಗಿಯ ಅಂಗಡಿಯಲ್ಲಿ ಮೊದಲು 32 ಇಂಚಿನ ಟಿವಿಯಲ್ಲಿ, ಆಮೇಲೆ 24 ಇಂಚಿನ ಮಾನಿಟರ್‌ನಲ್ಲಿ ತೆರೆಸಿದೆವು. ಕಾಕಾ ಎರಡರ ಮುಂದೆಯೂ ಕುರ್ಚಿ ಹಾಕಿಕೊಂಡು ಕುಳಿತು ಓದಿದರು. ಎದ್ದು ಹೇಳಿದ್ದು ಇಷ್ಟೇ: “ಇದೇ ಇರ್ಲಿ. ಓದಾಕ ಬರ್ತದ.” ಮಾನಿಟರ್ ತೆಗೆದುಕೊಂಡ ಮೇಲೆ ಉಳಿದ ಹಣದಲ್ಲಿ ಒಂದು ಕೀಬೋರ್ಡ್ ಬಂತು.

ಗುಂಪಿಗೆ ಕಳುಹಿಸಲು ಸಾರಾಂಶ

32 ಇಂಚಿನ ಎಚ್‌ಡಿ ರೆಡಿ ಟಿವಿ ದೂರದಿಂದ ನೋಡಲು ಸರಿ, ಹತ್ತಿರ ಕುಳಿತು ಕನ್ನಡ ಓದಿ ಬರೆಯಲು ಸರಿಯಲ್ಲ. ಇಂಚಿನ ಜೊತೆ ಚುಕ್ಕಿಗಳ ಸಂಖ್ಯೆಯನ್ನೂ ಕೇಳಿ: 24 ಇಂಚು, 1920 × 1080, ಐಪಿಎಸ್, ನಿಮ್ಮ ಸಿಪಿಯುಗೆ ಕೂಡುವ ಕಿಂಡಿ. ನೀಲಿ ಬೆಳಕಿನ ಹೆದರಿಕೆಗೆ ಹೆಚ್ಚಿನ ದುಡ್ಡು ಕೊಡಬೇಡಿ. ನಿಮ್ಮದೇ ಕನ್ನಡ ಪುಟವನ್ನು ಓದಿ ನೋಡಿ ಕೊಳ್ಳಿ.